ಬೆಂಕಿ ಉಂಡಿಯ ಕಾಕು

ಕುಷ್ಟಗಿಯ ನಮ್ಮ ಓಣಿಯಲ್ಲಿ ಕಸ ಚೆಲ್ಲುವವರು ಎದುರು ಮನೆಯ ಕಾಕುವಿನ ಕಣ್ಣು ತಪ್ಪಿಸಿ ಚೆಲ್ಲಬೇಕಾಗಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಆ ಓಣಿಗೆ ಬಂದಾಗ ನನಗೆ ಈ ಕಾಯಿದೆ ತಿಳಿದಿರಲಿಲ್ಲ. ಧಾರವಾಡದಲ್ಲಿ ಓದಿದವಳು ಎಂಬ ಸಣ್ಣ ಜಂಬವೂ ಇತ್ತು. ಒಂದು ಮಧ್ಯಾಹ್ನ ಶೇಂಗಾ ಸುಲಿದ ಹೊಟ್ಟನ್ನು ಮೊರದಲ್ಲಿ ಹಿಡಿದು ತಿಪ್ಪೆಯ ಕಡೆ ಹೊರಟಿದ್ದೆ. ಎದುರು ಮನೆಯ ಕಟ್ಟೆಯಿಂದ ದನಿ ಬಂತು.

"ಏನ್ ತಂಗಿ, ಅದನ್ನ ಎಲ್ಲಿ ಒಯ್ಯಾಕತ್ತಿ?"

"ಚೆಲ್ಲಾಕ್ರಿ."

"ಚೆಲ್ಲಾಕ? ಯಾಕ, ನಿಮ್ಮಪ್ಪ ಧಾರವಾಡದಾಗ ಹೊಟ್ಟು ಬೆಳೀತಾನೇನು? ತಾ ಇಲ್ಲಿ."

ಮೊರ ನನ್ನ ಕೈಯಿಂದ ಅವರ ಕೈಗೆ ಹೋಯಿತು. ಹೊಟ್ಟನ್ನು ಅಂಗಳದ ಹರಕು ಹಗ್ಗದ ಹೊರಸಿನ ಮೇಲೆ ಸುರುವಿ, ಮೊರ ಕೊಡವಿ, ಬರಿದು ಮೊರ ಕೊಡಬಾರದೆಂದು ಅದರಲ್ಲಿ ಎರಡು ಬದನೆಕಾಯಿ ಇಟ್ಟು ವಾಪಸು ಕೊಟ್ಟರು. ಅಂದಿನಿಂದ ನಾವು ಆ ಊರು ಬಿಡುವವರೆಗೆ ನಮ್ಮ ಮನೆಯ ಕಸಕ್ಕೆ ಅವರೇ ಒಡತಿ.

ಕಳೆದ ತಿಂಗಳು ಕಾಕು ತೀರಿಕೊಂಡ ಸುದ್ದಿ ಬಂತು. ತೊಂಬತ್ತು ದಾಟಿದ ಜೀವ, ಹಣ್ಣೆಲೆ ಉದುರಿತು ಎಂದರು ಜನ. ರಕ್ತಸಂಬಂಧವಲ್ಲ, ಜೊತೆಗಿದ್ದದ್ದು ಹತ್ತು ವರ್ಷದಷ್ಟು. ಆದರೂ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ.

ಎತ್ತರದ ಹೆಂಗಸು, ಬಡಕಲು ಮೈ, ದೊಡ್ಡ ಕುಂಕುಮ. ಮಾತು ಒರಟು. ಅವರ ಹರಕು ಹೊರಸಿನ ಮೇಲೆ ವರ್ಷವಿಡೀ ಏನಾದರೂ ಒಣಗುತ್ತಿತ್ತು. ತೆಂಗಿನ ನಾರು, ಕಿತ್ತಳೆ ಸಿಪ್ಪೆ, ಕಾಳು ಬಿಡಿಸಿದ ಗೋವಿನಜೋಳದ ಬೆಂಡು, ದೇವರ ಮುಂದೆ ಉರಿದು ಉಳಿದ ಬತ್ತಿಯ ತುದಿಗಳು. ಕಿನ್ನಾಳದಲ್ಲಿ ಅವರ ತವರಿನ ಕಡೆಯವರಿದ್ದರು. ಅಲ್ಲಿಗೆ ಹೋದರೆ ಗೊಂಬೆ ಕೆತ್ತುವವರ ಅಂಗಳದಿಂದ ಹಗುರವಾದ ಕಟ್ಟಿಗೆ ಸಿಪ್ಪೆಯನ್ನು ಚೀಲ ತುಂಬಿಸಿಕೊಂಡು ಬರುತ್ತಿದ್ದರು. ಬೇರೆಯವರು ಕಿನ್ನಾಳದಿಂದ ಬಣ್ಣದ ಗೊಂಬೆ ತಂದರೆ ಇವರು ಗೊಂಬೆಯ ಕಸ ತಂದರು ಎಂದು ನನ್ನ ಅತ್ತೆ ನಗುತ್ತಿದ್ದರು.

ಇವೆಲ್ಲ ಚೆನ್ನಾಗಿ ಒಣಗಿದ ಮೇಲೆ, ಹಪ್ಪಳ ಸಂಡಿಗೆ ಕರಿದ ಬಾಣಲೆಯ ತಳದ ಎಣ್ಣೆಗಸಿಯನ್ನು ಬಿಸಿ ಮಾಡಿ, ಕರೆಂಟು ಹೋದಾಗ ಉರಿಸಿದ ಮೇಣಬತ್ತಿಯ ತುಣುಕು ಅದರಲ್ಲಿ ಕರಗಿಸಿ, ಹೊಟ್ಟು ನಾರುಗಳನ್ನು ಕಲಸಿ ಉಂಡೆ ಕಟ್ಟುತ್ತಿದ್ದರು. ನೋಡಲು ಥೇಟು ಶೇಂಗಾ ಉಂಡೆ. ತಗಡಿನ ಡಬ್ಬಿಯಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಎಂಥ ಹಸಿ ಕಟ್ಟಿಗೆ ಇರಲಿ, ಎಂಥ ಗಾಳಿ ಇರಲಿ, ಒಲೆಯಲ್ಲಿ ಒಂದು ಉಂಡೆ ಇಟ್ಟು ಕಡ್ಡಿ ಗೀರಿದರೆ ಊದುವ ಕೆಲಸವೇ ಇಲ್ಲ. ಓಣಿಯಲ್ಲಿ ಅದಕ್ಕೆ ಬೆಂಕಿ ಉಂಡಿ ಎಂದೇ ಹೆಸರು.

ಹಾಗೆಂದು ಏನು ಬೇಕಾದರೂ ಡಬ್ಬಿಗೆ ಹೋಗುತ್ತಿರಲಿಲ್ಲ. ಸವೆದ ಕಸಬರಿಗೆ ಸುಡಬಾರದು, ಅದು ಲಕ್ಷ್ಮಿ. ಬರೆದ ಕಾಗದ ಸುಡಬಾರದು, ಅದು ಸರಸ್ವತಿ. ಒಂದು ಸಲ ನಾನು ಹಳೆಯ ದಿನಪತ್ರಿಕೆಯ ಕಟ್ಟು ತಂದುಕೊಟ್ಟರೆ, "ಓದಾಕ ಬರೋ ಹುಡುಗಿ ನೀ, ನನ್ನ ಕಡಿಂದ ಬುದ್ಧಿ ಹೇಳಿಸಿಕೋಬ್ಯಾಡ," ಎಂದು ಬೈದು ಕಳಿಸಿದರು. ಇಬ್ಬರು ದೇವತೆಯರನ್ನು ಬಿಟ್ಟು ಜಗತ್ತಿನ ಉಳಿದದ್ದೆಲ್ಲ ತಮ್ಮ ಡಬ್ಬಿಗೆ ಸೇರಿದ್ದು ಎಂಬುದು ಅವರ ಲೆಕ್ಕ.

ಓಣಿಯ ಜನ ಅವರನ್ನು ಜಿಪುಣಿ ಎಂದೇ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ಆದರೆ ಅವರ ಮನೆಗೆ ಊಟಕ್ಕೆ ಹೋದರೆ ಹೋಳಿಗೆಯ ಮೇಲೆ ತುಪ್ಪ ಸುರಿಯುವಾಗ ಆ ಕೈ ಸಾಕು ಎಂದರೂ ನಿಲ್ಲುತ್ತಿರಲಿಲ್ಲ. ಜಿಪುಣರು ತುಪ್ಪದಲ್ಲಿ ಹೀಗೆ ಮಾಡುವುದಿಲ್ಲ ಎಂಬುದು ನನ್ನ ತಲೆಗೆ ಆಗ ಹೊಳೆದಿರಲಿಲ್ಲ.

ಈ ಉಂಡೆಗಳ ನಿಜವಾದ ಹಬ್ಬ ಡೇರೆಯ ದಿನಗಳಲ್ಲಿ. ಕಾಕುವಿನ ಗಂಡ, ನಾವೆಲ್ಲ ಕಾಕಾ ಎನ್ನುತ್ತಿದ್ದೆವು, ಮೋಜಣಿ ಇಲಾಖೆಯಲ್ಲಿದ್ದವರು. ಯಲಬುರ್ಗಾ, ಗಂಗಾವತಿ, ಕುಷ್ಟಗಿ ಸೀಮೆಯ ಹೊಲಗಳನ್ನೆಲ್ಲ ಸರಪಳಿ ಹಿಡಿದು ಅಳೆಯುತ್ತ ಅರ್ಧ ಆಯುಷ್ಯ ಡೇರೆಯಲ್ಲಿ ಕಳೆದಿದ್ದರು. ರಿಟೈರಾದ ಮೇಲೆ ಸೂರಿನ ಕೆಳಗೆ ಉಸಿರು ಕಟ್ಟುತ್ತದೆ ಎಂದು ಇಲಾಖೆಯ ಲಿಲಾವಿನಲ್ಲಿ ಸವಾಲು ಕೂಗಿ ಒಂದು ಹಳೆಯ ಡೇರೆ ಹಿಡಿದುಕೊಂಡು ಬಂದರು. ದೀಪಾವಳಿ ಕಳೆದು ಚಳಿ ಬಿದ್ದಿತೆಂದರೆ ಓಣಿಯ ಮೂರು ನಾಲ್ಕು ಮನೆಯವರನ್ನು ಕಟ್ಟಿಕೊಂಡು ಎಲ್ಲಾದರೂ ಹೊರಡುವುದು. ಆನೆಗೊಂದಿಯ ಹೊಳೆದಂಡೆ ಅವರಿಗೆ ಬಲು ಇಷ್ಟ. ಡೇರೆ ಬಸ್ಸಿನ ಮೇಲೆ, ನಾವು ಒಳಗೆ, ಗಂಗಾವತಿಯಿಂದ ಮುಂದೆ ಎತ್ತಿನ ಗಾಡಿ. ಗಂಡಸರು ಗೂಟ ಬಡಿದು ಡೇರೆ ಎಬ್ಬಿಸುವುದರೊಳಗೆ ಕಾಕು ಮೂರು ಕಲ್ಲು ಹೂಡಿ ಒಲೆ ಮಾಡಿರುತ್ತಿದ್ದರು.

ನನ್ನ ಮೊದಲ ಡೇರೆ ಪ್ರವಾಸದಲ್ಲೇ ಒಂದು ಪ್ರಸಂಗ ನಡೆಯಿತು. ನಮ್ಮ ಮನೆಯವರು ಕೃಷಿ ಇಲಾಖೆಯವರು, ಒಳ್ಳೆಯವರು, ಆದರೆ ತಾಳ್ಮೆ ಎಂಬುದು ಅವರ ಜಾತಕದಲ್ಲಿ ಬರೆದಿಲ್ಲ. ಬೆಳಗಿನ ಇಬ್ಬನಿಗೆ ಕಟ್ಟಿಗೆ ತೊಯ್ದಿತ್ತು. ಕಾಕು ಹೊಳೆಗೆ ನೀರು ತರಲು ಹೋಗಿದ್ದರು, ಉಂಡೆಯ ಡಬ್ಬಿ ಇನ್ನೂ ಗಾಡಿಯಲ್ಲಿತ್ತು. ಇವರಿಗೋ ಚಹಾ ಬೇಕು. ಹೊಗೆಯಾಡುತ್ತಿದ್ದ ಒಲೆಯನ್ನು ನಾಲ್ಕು ಸಲ ಊದಿದರು. ಆಮೇಲೆ ಕಂದೀಲಿಗೆಂದು ತಂದ ಚಿಮಣಿ ಎಣ್ಣೆಯ ಬಾಟಲಿ ತೆಗೆದು ಬಿರಡೆ ಬಿಚ್ಚಿ ಒಲೆಯ ಮೇಲೆ ಬಗ್ಗಿಸಲು ಹೊರಟರು.

ಕಾಕು ಎಲ್ಲಿಂದ ಬಂದರೋ. ಕೈಗೆ ಸಿಕ್ಕ ಊದುಗೊಳವೆಯಿಂದ ಇವರ ಮುಂಗೈಗೆ ಬಾರಿಸಿದರು. ಬಾಟಲಿ ಹಾರಿ ಮರಳಲ್ಲಿ ಬಿತ್ತು.

"ಹತ್ತಲಿಲ್ಲಂದ್ರ ಬಿಡೋ! ಒಂದು ಹೊತ್ತು ಚಾ ಕುಡೀಲಿಲ್ಲಂದ್ರ ಸಾಯ್ತೀಯೇನೋ ನೀ?"

ಸರಕಾರಿ ನೌಕರನಿಗೆ, ಪರರ ಮನೆಯ ಗಂಡಸಿಗೆ, ಹೆಂಡತಿಯ ಎದುರು! ಕಾಕು ಚೆಲ್ಲಿದ ಎಣ್ಣೆಯ ಮೇಲೆ ಎರಡೂ ಕೈಯಿಂದ ಮರಳು ಎಳೆದೆಳೆದು ಮುಚ್ಚತೊಡಗಿದರು. ಕಾಕಾ ಬಂದು ಅವರನ್ನು ಡೇರೆಯೊಳಗೆ ಕರೆದುಕೊಂಡು ಹೋದರು. ನನಗೆ ಸಿಟ್ಟು ಬಂದಿತ್ತು. ಮನೆಯವರು ಮಾತ್ರ ಕೈ ನೀವಿಕೊಳ್ಳುತ್ತ, "ಕಾಕು ಭಾಳ ಅಂಜ್ಯಾರ, ಸುಮ್ಮನಿರು," ಎಂದರು.

ಮಧ್ಯಾಹ್ನ ಹೊಳೆಯಲ್ಲಿ ಪಾತ್ರೆ ಬೆಳಗುವಾಗ ಕಾಕುವಿನ ಕಿರಿಯ ಮಗಳು ನನಗೆ ವಿಷಯ ಹೇಳಿದಳು. ಆಗ ಅವಳಿಗೆ ಇಪ್ಪತ್ತು ಇರಬಹುದು, ಮಾಸ್ತರಿಕೆಯ ಟ್ರೇನಿಂಗು ಮುಗಿಸಿದ್ದಳು.

"ನಮ್ಮಕ್ಕನ್ನ ಕೊಟ್ಟಿದ್ರಲ್ರಿ ವೈನಿ, ಆ ಮನ್ಯಾಗ ಹಿಂಗ ಆತು. ಮಳಿಗಾಲ, ಕಟ್ಟಿಗಿ ಹಸಿ. ಭಾವ ಊಟಕ್ಕ ಹೊತ್ತಾತು ಅಂತ ಒದರಾಕತ್ತಿದ್ನಂತ. ಅಕ್ಕ ಅಂಜಿ, ಹೊಗಿಯಾಡೋ ಒಲಿಗೆ ಚಿಮಣಿ ಎಣ್ಣಿ ಸುರುವಿದ್ಲು." ಅವಳು ತಿಕ್ಕುತ್ತಿದ್ದ ಬೋಗುಣಿಯನ್ನು ಮತ್ತೆ ಮತ್ತೆ ತಿಕ್ಕಿದಳು. "ಅವ್ವ ಮುಟ್ಟೋದರಾಗ ಎಲ್ಲಾ ಮುಗದಿತ್ತು."

ಒಂದು ಕೂಸು ಹೆರುವ ಮೊದಲೇ ಹೋದ ಮಗಳು. ಆ ವರ್ಷದಿಂದ ಕಾಕು ಉಂಡೆ ಕಟ್ಟಲು ಶುರು ಮಾಡಿದ್ದರು. ಓಣಿಗೆ ಹೊಸ ಸೊಸೆ ಬಂದರೆ ಉಡಿಯಕ್ಕಿಯ ಜೊತೆ ಒಂದು ಡಬ್ಬಿ ಉಂಡೆ ಕೊಡುತ್ತಿದ್ದದ್ದು ಏಕೆಂದು ನನಗೆ ಆಗ ತಿಳಿಯಿತು. ನನಗೂ ಕೊಟ್ಟಿದ್ದರು, ನಾನು ಅದನ್ನು ಅಟ್ಟದ ಮೇಲೆ ಎಸೆದಿದ್ದೆ. ಊರಿಗೆ ಮರಳಿದ ದಿನವೇ ಕೆಳಗಿಳಿಸಿದೆ.

ಹಿರಿಮಗಳು ಹೋದ ಮೇಲೆ ಕಾಕುವಿನ ಜೀವವೆಲ್ಲ ಉಳಿದೊಬ್ಬ ಮಗಳ ಮೇಲೆ. ಅವಳನ್ನು ಯಾವ ಮನೆಗೆ ಕೊಡುವುದು ಎಂಬುದೊಂದೇ ಚಿಂತೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಕಾಕು ಅದಕ್ಕೆ ಮೂರನೆಯದೊಂದು ಸೇರಿಸಿದರು: ಒಲೆ ಹಚ್ಚಿ ನೋಡು.

ಕನ್ಯೆ ನೋಡಲು ಬಂದವರಿಗೆ ಎಲ್ಲ ಮನೆಗಳಂತೆ ಉಪ್ಪಿಟ್ಟು, ಅವಲಕ್ಕಿ, ಚಹಾ. ಹುಡುಗಿ ಒಪ್ಪಿಗೆಯಾದರೆ ಮಾತು ಮುಂದುವರಿಸುವ ಮೊದಲು, "ಒಂದಿನ ನಮ್ಮ ಕೂಡ ಹೊಳಿಗೆ ಬರ್ರಿ, ಎಲ್ಲಾರೂ ಕೂಡಿ ಉಂಡು ಬರೋಣು," ಎನ್ನುತ್ತಿದ್ದರು. ಯಾರು ಬೇಡ ಎನ್ನುತ್ತಾರೆ? ಡೇರೆ ಏಳುತ್ತಿತ್ತು. ವರ್ಷವಿಡೀ ಕಸ ಒಣಗಿಸುವ ಈ ಹೆಂಗಸು ಅವತ್ತೊಂದು ದಿನ ಕಟ್ಟಿಗೆಗೆ ಬೇಕೆಂದೇ ನೀರು ಚಿಮುಕಿಸುತ್ತಿದ್ದರು! ಉಂಡೆಯ ಡಬ್ಬಿಯನ್ನು ಚಾದರ ಮುಚ್ಚಿ ಅದರ ಮೇಲೆ ತಾವೇ ಕುಳಿತುಬಿಡುತ್ತಿದ್ದರು. ಒಲೆ ಹತ್ತದು, ಹೊಗೆ ನಿಲ್ಲದು, ಹೊಟ್ಟೆ ಕೇಳದು. ಕಾಕು ಸುಮ್ಮನೆ ವರನ ಮುಖ ನೋಡುತ್ತಿದ್ದರು. ಹಸಿದ ಗಂಡಸು ಹತ್ತದ ಒಲೆಯ ಮುಂದೆ ಹೇಗಿರುತ್ತಾನೆ ಎಂಬುದಷ್ಟೇ ಅವರಿಗೆ ಬೇಕಿತ್ತು.

ಮೊದಲು ಬಂದವನು ಗಂಗಾವತಿಯ ಕಡೆಯ ಭತ್ತದ ಗದ್ದೆಯ ಕುಳ. ಬೆಳ್ಳಗಿನ ಅಂಗಿ, ಮಾತಿಗೆ ಮೊದಲು ನಗು. ಹೊತ್ತು ಏರಿದಂತೆ ನಗು ಇಳಿಯಿತು. ಕೊನೆಗೆ ತನ್ನ ತಾಯಿಯ ಮೇಲೇ ಹಾಯ್ದ. "ಇಷ್ಟು ಮಂದಿ ಹೆಣಮಕ್ಕಳದೀರಿ, ಒಂದು ಒಲಿ ಹಚ್ಚಾಕ ಬರಂಗಿಲ್ಲೇನು ನಿಮಗ?" ಆ ತಾಯಿ ತಲೆ ತಗ್ಗಿಸಿ ಮತ್ತೆ ಊದತೊಡಗಿದಳು. ಕಾಕು ಎದ್ದು ಡಬ್ಬಿ ತೆರೆದು ಒಲೆ ಹಚ್ಚಿದರು. ಹೊಟ್ಟೆ ಬಿರಿಯುವಂತೆ ಉಣ್ಣಿಸಿದರು. ಮನೆಗೆ ಬಂದು, ಆ ಮನೆ ಬೇಡ ಎಂದರು.

ಎರಡನೆಯವನು ಕೊಪ್ಪಳದ ಕಡೆಯ ಸಂಭಾವಿತ. ಒಂದು ಮಾತೂ ಆಡಲಿಲ್ಲ. ಆದರೆ ಘಳಿಗೆಗೊಮ್ಮೆ ಕೈಗಡಿಯಾರ ನೋಡಿದ. ಅದೂ ಬೇಡ ಎಂದರು ಕಾಕು. ಅಂದು ಎದುರು ಮನೆಯಲ್ಲಿ ಕಾಕಾ ದನಿ ಎತ್ತಿದ್ದನ್ನು ನಾನು ಮೊದಲ ಸಲ ಕೇಳಿದೆ.

"ಗಡಿಯಾರ ನೋಡಿದ್ರ ಖೂನಿ ಮಾಡಿದಂಗ ಆತೇನು? ಗಡಿಯಾರ ಮತ್ಯಾಕ ಕಟ್ಟತಾರ?"

"ಇವತ್ತ ಗಡಿಯಾರ ನೋಡ್ತಾನ. ನಾಳೆ ಅಕಿ ಮಾರಿ ನೋಡ್ತಾನ. ಅಕಿ ಅಂಜತಾಳ. ಅಂಜಿದ ಕೈ ಏನು ಮಾಡ್ತೈತಿ, ನಿಮಗ ಗೊತ್ತಿಲ್ಲೇನು?"

ಕಾಕಾ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆಯ ಚೀಲ ಬಿಚ್ಚಿದರು.

ಹೀಗೇ ವರ್ಷಗಳು ಹೋದವು. ಹುಡುಗಿಗೆ ಯಲಬುರ್ಗಾದ ಸಾಲೆಯಲ್ಲಿ ನೌಕರಿ ಆಯಿತು. ಓರಗೆಯವರ ಮಕ್ಕಳು ಅದೇ ಸಾಲೆಗೆ ಬಂದು ಅವಳಿಂದ ಅಕ್ಷರ ಕಲಿಯತೊಡಗಿದರು. ಬಳಗದವರು ಕಾಕುವಿಗೆ ತಲೆ ಕೆಟ್ಟಿದೆ ಎಂದು ಎದುರಿಗೇ ಅಂದರು. ನಾನೂ ಒಂದು ದಿನ ಧೈರ್ಯ ಮಾಡಿ, "ಕಾಕು, ಅತಿ ಆಗಾಕತ್ತೇತಿ ನೋಡ್ರಿ. ಹುಡುಗಿ ಬಾಳೇ ಹೋಗತೈತಿ," ಎಂದೆ.

"ಬಾಳೇವು ಹೋದ್ರ ಮನ್ಯಾಗ ಇರತಾಳ, ತಂಗಿ. ಜೀವ ಹೋದ್ರ ಎಲ್ಲಿಂದ ತರ್ಲಿ?"

ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಹುಡುಗಿ ನನ್ನನ್ನು ಕಂಡು ಒಳಗೆ ಸರಿದಳು. ತಾಯಿಯ ಭಯ ಖರೆ. ಮಗಳ ಹರೆಯವೂ ಖರೆ. ಆ ಭಯದಿಂದ ಇವಳಿಗೊಂದು ಸಂಸಾರವೇ ಇಲ್ಲದೆ ಹೋಗುತ್ತದೆ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಎಂಬತ್ತರ ದಶಕ ಶುರುವಾದ ಮೇಲೆ ಕುಕನೂರಿನ ಹೈಸ್ಕೂಲು ಮಾಸ್ತರನೊಬ್ಬನ ಸಂಬಂಧ ಬಂತು. ಹಿರಿಯರ ಮೂಲಕವೇ ಬಂದಿತ್ತು. ಆದರೆ ಅವನೂ ಅವಳೂ ಪ್ರತಿ ಸೋಮವಾರ ತಂತಮ್ಮ ಸಾಲೆಗೆ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ ಎಂಬುದು ನನಗೆ ಗೊತ್ತಿತ್ತು. ಏನು ಮಾತಾಡುತ್ತಿದ್ದರೋ, ನಾನು ಕೇಳಲಿಲ್ಲ. ಹುಡುಗ ದುಂಡಗೆ, ಕರ್ರಗೆ, ನಗೆಮುಖದವನು. ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದ.

ಡೇರೆಗೆ ಹೋಗುವ ಹಿಂದಿನ ಸಂಜೆ ಹುಡುಗಿ ನಮ್ಮ ಅಡುಗೆಮನೆಗೆ ಬಂದಳು. "ವೈನಿ, ಅವರಿಗೆ ಎಲ್ಲಾ ಹೇಳಿಬಿಟ್ಟೀನ್ರಿ."

"ಏನು ಎಲ್ಲಾ?"

"ಒಲಿ ಹತ್ತಂಗಿಲ್ಲ, ಊಟ ತಡಾ ಆಗತೈತಿ, ಅವ್ವ ನೋಡಕೋತ ಕುಂತಿರತಾಳ ಅಂತ. ಪಾಪ, ನನಗ ಹಸಿವಾದ್ರ ತಲಿ ಕೆಡತೈತಿ, ಏನು ಮಾಡ್ಲಿ ಅಂತ ಕೇಳಿದ್ರು. ಏನರ ಕಟಗೊಂಡು ಬರ್ರಿ, ಹಸಿವಾದ್ರ ತಿನ್ರಿ, ಸಿಟ್ಟಿಗೇಳಬ್ಯಾಡ್ರಿ ಅಂದೆ."

ಮಕ್ಕಳಿಗೆ ಪರೀಕ್ಷೆ ಮಾಡುವ ಅಕ್ಕೋರೇ ಪ್ರಶ್ನೆ ಪತ್ರಿಕೆ ಬಯಲು ಮಾಡಿದರಲ್ಲ ಎಂದು ನಾನು ಚೇಷ್ಟೆ ಮಾಡಿದೆ. ಅವಳು ನಗಲಿಲ್ಲ. "ಈ ಸಲಾನೂ ಅವ್ವ ಒಲ್ಲೆ ಅಂದ್ರ ನಾ ಇನ್ನೊಬ್ಬರ ಮುಂದ ಕುಂಡ್ರಂಗಿಲ್ರಿ," ಎಂದಳು. ದನಿ ಮೆತ್ತಗಿತ್ತು, ಆದರೆ ಅದು ಅವಳ ಕೊನೆಯ ಮಾತು ಎಂದು ನನಗೆ ತಿಳಿಯಿತು.

ಆ ಸಲ ಇಟಗಿಯ ಹಳೆಯ ಗುಡಿಯ ಹತ್ತಿರ ಡೇರೆ ಹಾಕಿದ್ದೆವು. ಕಟ್ಟಿಗೆ ತೊಯ್ದಿತ್ತು, ಕಾಕು ಡಬ್ಬಿಯ ಮೇಲೆ ಕುಳಿತಿದ್ದರು. ಹುಡುಗನ ತಾಯಿ ಊದಿ ಊದಿ ಕೆಮ್ಮಿದಳು. ಹುಡುಗಿ ಊದಿದಳು. ಹುಡುಗ ಸೀಳು ಕಟ್ಟಿಗೆ ಆರಿಸಿ ತರುತ್ತೇನೆಂದು ಹೋಗಿ ಕೈಗೆ ಮುಳ್ಳು ಚುಚ್ಚಿಸಿಕೊಂಡು ಬಂದ. ಹೊತ್ತು ನೆತ್ತಿಗೆ ಬಂತು. ಅವನ ಮುಖ ಬಾಡುತ್ತಿದ್ದುದನ್ನು ನಾನು ನೋಡುತ್ತಲೇ ಇದ್ದೆ. ಆಗ ಅವನು ಎದ್ದು ಗಾಡಿಯ ಹತ್ತಿರ ಹೋಗಿ ತನ್ನ ಬಟ್ಟೆಯ ಚೀಲ ತಂದ. ಒಳಗಿನಿಂದ ಹಚ್ಚಿದ ಚುರುಮರಿಯ ದೊಡ್ಡ ಗಂಟು ಹೊರಬಂತು. ಒಗ್ಗರಣೆ, ಪುಠಾಣಿ, ಬೆಳ್ಳುಳ್ಳಿ ಎಲ್ಲ ಹಾಕಿದ್ದು.

"ತಗೋರಿ, ಒಲಿ ಹತ್ತೂ ಮಟಾ ಎಲ್ಲಾರೂ ಬಾಯಾಡಸೋಣು," ಎಂದು ಮೊದಲು ಒಲೆಯ ಮುಂದಿನ ಹೆಂಗಸರಿಗೇ ಹಂಚಲು ಹೊರಟ.

ನಮ್ಮ ಕಡೆ ಬೀಗತನಕ್ಕೆ ಹೋದಲ್ಲಿ ಬುತ್ತಿ ಬಿಚ್ಚುವುದೆಂದರೆ ನಿಮ್ಮ ಮನೆಯ ಅನ್ನದ ಮೇಲೆ ನಮಗೆ ನಂಬಿಕೆಯಿಲ್ಲ ಎಂದ ಹಾಗೆ. ಯಾವ ವರನೂ ಸ್ವಂತ ಬುದ್ಧಿಯಿಂದ ಅಂಥ ಕೆಲಸ ಮಾಡುವುದಿಲ್ಲ. ಅವನ ತಾಯಿ ನಾಚಿ ಕುಗ್ಗಿ, "ಏನೋ ಇದು? ಬೀಗರ ಊಟಕ್ಕ ಬುತ್ತಿ ತಗೊಂಡು ಬಂದೀಯೇನೋ?" ಎಂದಳು. ಕಾಕಾ ಬೇರೆ ಕಡೆ ನೋಡಿದರು. ನಾನು ಹುಡುಗಿಯನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು, ಕಿವಿಯವರೆಗೆ ಕೆಂಪಾಗಿದ್ದಳು.

ಹುಡುಗನಿಗೂ ಮಾನ ಹೋದದ್ದು ತಿಳಿಯಿತು, ಮುಖದಲ್ಲಿ ಬೆವರು ಬಂತು. ಆದರೂ ಗಂಟು ಕಟ್ಟಲಿಲ್ಲ. ಕಾಕುವಿನ ಮುಂದೆಯೂ ಹಿಡಿದ. ಕಾಕು ಗಂಟನ್ನು ನೋಡಿದರು, ಅವನನ್ನು ನೋಡಿದರು, ಮಗಳನ್ನು ನೋಡಿದರು. ಒಂದು ಮುಷ್ಟಿ ತೆಗೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಖಾರ ಸ್ವಲ್ಪ ಮುಂದಾಗೇತಿ," ಎಂದರು. ಆಮೇಲೆ ಚಾದರ ಸರಿಸಿ ಡಬ್ಬಿ ತೆಗೆದರು.

ಮರುದಿನವೇ ಒಪ್ಪಿಗೆಯ ಮಾತು ಹೋಯಿತು. ಬರುವ ವೈಶಾಖದಲ್ಲಿ ಮದುವೆ. ಓಣಿಯವರೆಲ್ಲ ಅಂತೂ ಕಾಕುವಿನ ಪರೀಕ್ಷೆಯಲ್ಲಿ ಒಬ್ಬ ಪಾಸಾದ ಎಂದು ನಕ್ಕರು. ಅದಾಗಿ ಕೆಲವು ವರ್ಷಕ್ಕೆ ನಮಗೆ ವರ್ಗವಾಯಿತು. ಸಾಮಾನು ಕಟ್ಟುವ ದಿನ ಕಾಕು ಬಂದು ನನ್ನ ಹತ್ತಿರ ಒಂದು ಮಾತು ಹೇಳಿದರು, ಮಗಳಿಗೆ ಮಾತ್ರ ತಿಳಿಯಬಾರದೆಂದು ನನ್ನಿಂದ ಭಾಷೆ ತೆಗೆದುಕೊಂಡರು. ಅವರು ಇರುವವರೆಗೆ ನಾನು ಬಾಯಿ ಬಿಡಲಿಲ್ಲ.

ಕಳೆದ ತಿಂಗಳು ಸಾವಿನ ಸುದ್ದಿ ಕೇಳಿ ಮಗಳನ್ನು ಮಾತಾಡಿಸಿ ಬರಲು ಹೋಗಿದ್ದೆ. ಕಾಕಾ ಹೋಗಿ ಬಹಳ ವರ್ಷವಾಗಿತ್ತು. ಆಮೇಲೆ ಕಾಕು ಮಗಳ ಮನೆಯಲ್ಲೇ ಇದ್ದರು. ಆ ಹುಡುಗಿಯೂ ಈಗ ಮೊಮ್ಮಕ್ಕಳನ್ನು ಕಂಡವಳು. ಬಂದವರೆಲ್ಲ ಹೊರಗೆ ಹೋದ ಮೇಲೆ ನನ್ನ ಪಕ್ಕಕ್ಕೆ ಬಂದು ಕುಳಿತಳು.

"ವೈನಿ, ನಾ ಅವ್ವಗ ಮೋಸ ಮಾಡೇನ್ರಿ. ಅಕಿ ತನ್ನ ಜೀವಾನ ಅದರಾಗ ಇಟ್ಟಿದ್ಲು, ನಾ ಅದನ್ನ ಆಟ ಮಾಡಿದೆ. ಹೇಳಬೇಕು ಹೇಳಬೇಕು ಅಂತ ಇಷ್ಟು ವರ್ಷ ಆತು. ಕಡೀಕೂ ಆಗಲಿಲ್ಲ." ಸೆರಗು ಬಾಯಿಗೆ ಒತ್ತಿಕೊಂಡಳು.

ನನಗೆ ಇನ್ನು ತಡೆಯಲಾಗಲಿಲ್ಲ. "ನಿಮ್ಮವ್ವಗ ಅವತ್ತ ಗೊತ್ತಾಗಿತ್ತವಾ," ಎಂದೆ. ಸಾಮಾನು ಕಟ್ಟುವ ದಿನ ಕಾಕು ಆಡಿದ ಮಾತುಗಳನ್ನು ಇದ್ದಂತೆಯೇ ಹೇಳಿದೆ.

"ಚುರುಮರಿ ಗಂಟು ಬಿಚ್ಚಿದಾಗ್ಲೇ ತಿಳೀತು ತಂಗಿ, ಇಕೀನ ಹೇಳಿಕೊಟ್ಟಾಳ ಅಂತ. ಮೊದಲ ಸಿಟ್ಟು ಬಂತು. ಆಮ್ಯಾಲ ಅವನ ಮಾರಿ ನೋಡಿದೆ. ಹಡದವ್ವ ಬೈದ್ಲು, ಮಂದ್ಯಾಗ ಮಾನ ಹೋತು, ಆದ್ರೂ ಇಕಿ ಹೇಳಿದ ಮಾತು ಬಿಡಲಿಲ್ಲ ಅಂವ. ಕಟ್ಟಿಗಿ ಹಸಿ ಅದಾವು, ಸ್ವಲ್ಪ ತಡೀರಿ ಅಂತ ನನ್ನ ಹಿರೇಕಿ ದಿನಾ ಅಂತಿದ್ಲಂತ. ಅಷ್ಟು ದೊಡ್ಡ ಮನ್ಯಾಗ ಅಕಿ ಮಾತು ಕೇಳೋರು ಒಬ್ಬರೂ ಇರಲಿಲ್ಲ. ನಾ ಒಲಿ ನೋಡಕೋತ ಕುಂತೆ, ಕಿರೇಕಿ ತನ್ನ ಮಾತು ಕೇಳೋನ್ನ ಹುಡುಕಿಕೊಂಡ್ಲು. ಅಕಿಗೆ ಹೇಳಬ್ಯಾಡ. ಅವ್ವನ್ನ ಗೆದ್ದೆ ಅಂತ ಸುಖವಾಗಿರಲಿ."

ಅವಳು ಕಣ್ಣೊರೆಸಿಕೊಂಡು ಬಾಗಿಲ ಕಡೆ ತಿರುಗಿ ಕೂಗಿದಳು. "ರೀ, ಸ್ವಲ್ಪ ಒಳಗ ಬರ್ರಿ. ಅವ್ವ ಏನಂದಿದ್ಲು ಕೇಳ್ರಿ."

ಹೊರಗೆ ಕಟ್ಟೆಯ ಮೇಲೆ ಬಳಗದವರ ನಡುವೆ ಏನೋ ಹೇಳುತ್ತಿದ್ದ ಮಾಸ್ತರರು ಮಾತನ್ನು ಅರ್ಧಕ್ಕೇ ನಿಲ್ಲಿಸಿ ಎದ್ದು ಬಂದರು. ಅವಳೆದುರು ನೆಲದ ಮೇಲೆ ಕುಳಿತುಕೊಂಡು, "ಹೇಳು," ಎಂದರು.